ಯುದ್ಧಾಪರಾಧದ ಕಡತ ಸೆಷನ್ಸ್ ನ್ಯಾಯಾಲಯಕ್ಕೆ ಬರುವ ಮುನ್ನ: ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯ ನ್ಯಾಯಮೂರ್ತಿಗಳು, ಕರ್ನಾಟಕ ಹೈಕೋರ್ಟ್, ಬೆಂಗಳೂರು
ಮಾನ್ಯ ಕಾನೂನು ಮತ್ತು ನ್ಯಾಯ ಸಚಿವರು, ಭಾರತ ಸರ್ಕಾರ, ನವದೆಹಲಿ
ಮಾನ್ಯ ಕಾನೂನು ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಯುದ್ಧಾಪರಾಧ ಪ್ರಕರಣಗಳನ್ನು ನಿರ್ವಹಿಸಲು ನ್ಯಾಯಾಧೀಶರಿಗೂ ಸರ್ಕಾರಿ ಅಭಿಯೋಜಕರಿಗೂ ತರಬೇತಿ ನೀಡುವ ಬಗ್ಗೆ.

ಮಾನ್ಯರೇ,

ಜಿನೀವಾ ಒಪ್ಪಂದಗಳ ಕಾಯ್ದೆ ನಮ್ಮಲ್ಲಿ 1960ರಿಂದ ಜಾರಿಯಲ್ಲಿದೆ. ಯುದ್ಧದಲ್ಲಿ ಗಾಯಾಳುಗಳು, ಕೈದಿಗಳು, ನಾಗರಿಕರನ್ನು ರಕ್ಷಿಸುವ 1949ರ ನಾಲ್ಕು ಜಿನೀವಾ ಒಪ್ಪಂದಗಳ ಗಂಭೀರ ಉಲ್ಲಂಘನೆಯನ್ನು ಭಾರತದ ಒಳಗಾಗಲಿ ಹೊರಗಾಗಲಿ ಯಾರೇ ಮಾಡಿದರೂ, ಅವರು ಯಾವ ದೇಶದ ಪ್ರಜೆಯೇ ಆಗಿರಲಿ, ಇಲ್ಲಿ ಶಿಕ್ಷಿಸಬಹುದು ಎನ್ನುತ್ತದೆ ಅದರ ಕಲಂ 3. ಒಪ್ಪಂದದ ರಕ್ಷಣೆಯಲ್ಲಿರುವ ವ್ಯಕ್ತಿಯನ್ನು ಬೇಕೆಂದೇ ಕೊಂದರೆ ಮರಣದಂಡನೆ ಇಲ್ಲವೇ ಜೀವಾವಧಿ. ಉಳಿದ ಉಲ್ಲಂಘನೆಗಳಿಗೆ 14 ವರ್ಷಗಳವರೆಗಿನ ಸೆರೆವಾಸ. ಹೊರದೇಶದಲ್ಲಿ ನಡೆದ ಅಪರಾಧವಾದರೆ, ಆರೋಪಿ ಭಾರತದಲ್ಲಿ ಎಲ್ಲಿ ಸಿಗುತ್ತಾನೋ ಅಲ್ಲೇ ನಡೆದಂತೆ ಭಾವಿಸಿ ಕ್ರಮ ಜರುಗಿಸಬಹುದು ಎನ್ನುತ್ತದೆ ಕಲಂ 4. ವಿಚಾರಣೆ ಸೆಷನ್ಸ್ ನ್ಯಾಯಾಲಯದ ಮಟ್ಟಕ್ಕಿಂತ ಕೆಳಗೆ ನಡೆಯಬಾರದು ಎನ್ನುತ್ತದೆ ಕಲಂ 5.

ಇದರ ಅರ್ಥ ಇಷ್ಟು. ಚಿಕಿತ್ಸೆಗೆಂದು ಬೆಂಗಳೂರಿನ ಆಸ್ಪತ್ರೆಗೆ ಬಂದ ಪರದೇಶದ ಮಾಜಿ ಸೇನಾಧಿಕಾರಿಯನ್ನು, ಅವರ ಶಿಬಿರದಲ್ಲಿ ಯುದ್ಧಕೈದಿಯಾಗಿದ್ದು ಚಿತ್ರಹಿಂಸೆ ಉಂಡ ಒಬ್ಬರು ಗುರುತಿಸಿದರೆ, ಕಡತ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವಿರುವ ಹೇಗ್ ನಗರಕ್ಕೆ ಹೋಗಬೇಕಿಲ್ಲ. ನಮ್ಮ ಸೆಷನ್ಸ್ ನ್ಯಾಯಾಧೀಶರ ಮೇಜಿಗೇ ಬರಬಹುದು. ಇದು ಊಹಾಪೋಹವೇನಲ್ಲ. ಸಿರಿಯಾದ ಗುಪ್ತಚರ ವಿಭಾಗದ ಮಾಜಿ ಕರ್ನಲ್ ಅನ್ವರ್ ರಸ್ಲಾನ್ ಜರ್ಮನಿಯಲ್ಲಿ ಆಶ್ರಯ ಪಡೆದಿದ್ದಾಗ ಅವನನ್ನು ಬರ್ಲಿನ್ನಿನಲ್ಲಿ ಗುರುತಿಸಿದವರು ಅದೇ ದೇಶದಿಂದ ಓಡಿಬಂದವರು. ಕೊಬ್ಲೆನ್ಜ್ ನಗರದ ನ್ಯಾಯಾಲಯ 2022ರ ಜನವರಿ 13ರಂದು ಅವನಿಗೆ ಜೀವಾವಧಿ ವಿಧಿಸಿತು.

ನಮ್ಮ ದೂರು ಒಂದೇ. ಇಂಥ ಪ್ರಕರಣವನ್ನು ಯಾರು ವಿಚಾರಿಸಬೇಕೆಂದು ಕಾಯ್ದೆ ಹೇಳಿ ಆರು ದಶಕ ಕಳೆದರೂ, ಹೇಗೆ ವಿಚಾರಿಸಬೇಕೆಂದು ಅವರಿಗೆ ಕಲಿಸುವ ನಿಯತ ಏರ್ಪಾಟು ಕಾಣುತ್ತಿಲ್ಲ. ಅಂತರರಾಷ್ಟ್ರೀಯ ಮಾನವೀಯ ಕಾನೂನಿನ, ಅಂದರೆ ಯುದ್ಧದ ನಿಯಮಗಳ, ಹೆಸರಿನಲ್ಲಿ ಆಗೀಗ ಸಂಕಿರಣಗಳು ನಡೆಯುವುದುಂಟು. ಬೆಳಿಗ್ಗೆ ನ್ಯೂರೆಂಬರ್ಗ್, ಮಧ್ಯಾಹ್ನ ಹೇಗ್, ಸಂಜೆ ಪ್ರಮಾಣಪತ್ರ. ಅದನ್ನು ಮುಗಿಸಿ ಬಂದ ಅಭಿಯೋಜಕರಿಗೆ ಕಲಂ 3ರ ಅಡಿ ಒಂದು ದೋಷಾರೋಪಣೆಯ ಕರಡು ಬರೆದುಕೊಡಿ ಎಂದರೆ ಪೆನ್ನು ನಿಲ್ಲುತ್ತದೆ. ತಪ್ಪು ಅವರದಲ್ಲ.

ಆರೋಪಿ ಇಲ್ಲಿಗೆ ಬರುವುದು ದೂರದ ಮಾತೆನಿಸಬಹುದು. ಸಾಕ್ಷಿಗಳು ಈಗಾಗಲೇ ಬಂದಿದ್ದಾರೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ದಿನಸಿ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದದ್ದನ್ನು ಕನ್ನಡಿಗರು ಮರೆತಿಲ್ಲ. ಆ ದಿನಗಳಲ್ಲಿ ಅಲ್ಲಿನ ನೆಲಮಾಳಿಗೆಗಳಲ್ಲಿ, ಮೆಟ್ರೊ ನಿಲ್ದಾಣಗಳಲ್ಲಿ ಜೀವ ಹಿಡಿದುಕೊಂಡು ಕೂತು ಊರಿಗೆ ಮರಳಿದ ನಮ್ಮ ಮಕ್ಕಳು ಕಂಡದ್ದು, ಕೇಳಿದ್ದು, ಫೋನಿನಲ್ಲಿ ಹಿಡಿದದ್ದು ಎಲ್ಲವೂ ಸಾಕ್ಷ್ಯ. ಉಕ್ರೇನಿನ ಪ್ರಾಸಿಕ್ಯೂಟರ್ ಜನರಲ್ ಕಚೇರಿ ನೋಂದಾಯಿಸಿದ ಯುದ್ಧಾಪರಾಧಗಳ ಸಂಖ್ಯೆ ಲಕ್ಷ ದಾಟಿದೆ. ಅವುಗಳಲ್ಲಿ ಯಾವುದೋ ಒಂದರ ತನಿಖೆಗೆ ಕರ್ನಾಟಕದಲ್ಲಿರುವ ಸಾಕ್ಷಿಯ ಹೇಳಿಕೆ ಬೇಕೆಂದು ಕೋರಿಕೆ ಪತ್ರ ಬಂದರೆ, ಅದು ಕೇಂದ್ರ ಸರ್ಕಾರದ ಮೂಲಕ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 113ರ ಅಡಿ ಒಬ್ಬ ಮ್ಯಾಜಿಸ್ಟ್ರೇಟರಿಗೆ ತಲುಪಬಹುದು. ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಚೆಕ್ ಬೌನ್ಸ್, ಅಪಘಾತ, ಜೀವನಾಂಶದ ಅರ್ಜಿಗಳ ನಡುವೆ ಆ ಮ್ಯಾಜಿಸ್ಟ್ರೇಟರು ಶೆಲ್ ದಾಳಿಯ ಪ್ರತ್ಯಕ್ಷ ಸಾಕ್ಷಿಯ ಹೇಳಿಕೆ ದಾಖಲಿಸಬೇಕು.

ಏನು ಕೇಳಬೇಕು? ಎಷ್ಟು ಗಂಟೆಗೆ ಎಂಬುದು ಮೊದಲು. ಆ ಗಂಟೆ ಯಾವ ಗಡಿಯಾರದ್ದು ಎಂಬುದು ಅದರ ಬೆನ್ನಿಗೇ. ಫೋನು ಅಲ್ಲಿನ ಸಮಯ ತೋರಿಸುತ್ತಿತ್ತೋ ನಮ್ಮದೋ? ಎಷ್ಟು ಸ್ಫೋಟ ಕೇಳಿಸಿತು, ಒಂದಕ್ಕೂ ಮತ್ತೊಂದಕ್ಕೂ ಎಷ್ಟು ಅಂತರ? ಬಿದ್ದ ಸದ್ದಿಗೆ ಮೊದಲು ಹಾರಿಸಿದ ಸದ್ದೂ ಕೇಳಿತೇ, ಕೇಳಿದ್ದರೆ ಯಾವ ಕಡೆಯಿಂದ? ನೆಲದಲ್ಲಿ ಗುಂಡಿ ಬಿದ್ದಿತ್ತೇ, ಮಣ್ಣು ಯಾವ ಬದಿಗೆ ಚಿಮ್ಮಿತ್ತು, ಗೋಡೆಯ ಮೇಲೆ ಚೂರು ತಗುಲಿದ ಗುರುತು ಎಷ್ಟು ಎತ್ತರದಲ್ಲಿತ್ತು? ಹತ್ತಿರದಲ್ಲಿ ಸೈನಿಕರು, ಟ್ಯಾಂಕು, ತಪಾಸಣಾ ಠಾಣೆ, ಆಂಟೆನಾ ಇದ್ದವೇ, ಇದ್ದರೆ ಎಷ್ಟು ದೂರದಲ್ಲಿ? ಈ ಕೊನೆಯ ಪ್ರಶ್ನೆ ಕೇಳಲು ಅನೇಕರು ಹಿಂಜರಿಯುತ್ತಾರೆ, ಸತ್ತವರಿಗೆ ಅಪಚಾರವೆಂಬಂತೆ. ಆದರೆ ದಾಳಿಯ ಗುರಿ ಏನಾಗಿತ್ತು, ನಾಗರಿಕರಿಗೆ ಆಗಬಹುದಾದ ಹಾನಿ ಸೈನಿಕ ಲಾಭಕ್ಕೆ ಮೀರಿತ್ತೇ ಎಂಬುದರ ಮೇಲೇ ಇಡೀ ಪ್ರಕರಣ ನಿಲ್ಲುತ್ತದೆ. ಉತ್ತರ ಆರೋಪಿಗೆ ಅನುಕೂಲವಾಗಿದ್ದರೂ ದಾಖಲಾಗಲೇಬೇಕು. 'ರಷ್ಯಾದ ಶೆಲ್ ಬಿದ್ದಾಗ ನೀವು ಎಲ್ಲಿದ್ದಿರಿ' ಎಂದು ಶುರುಮಾಡಿದರೆ ಉತ್ತರವನ್ನು ಬಾಯಿಗಿಟ್ಟಂತಾಯಿತು. ಆ ಹೇಳಿಕೆಗೆ ಆಮೇಲೆ ಬೆಲೆಯಿಲ್ಲ.

ದೂರದ ಲೆಕ್ಕವೂ ಹಾಗೆಯೇ. ಒಂದು ಕೂಗಳತೆ, ಇಲ್ಲಿಂದ ಬಸ್ ಸ್ಟ್ಯಾಂಡಿನಷ್ಟು ಎಂದು ಸಾಕ್ಷಿ ಹೇಳಿದರೆ ಅದನ್ನು ಇನ್ನೂರು ಮೀಟರ್ ಎಂದು ತಾವೇ ಮಾಡಿ ಬರೆಯಬಾರದು. ಸಾಕ್ಷಿ ಹೇಳಿದ ಮಾತನ್ನು ಹಾಗೇ ಬರೆದು, ಅದನ್ನು ಬೇರೆಯಾಗಿ ಅಳೆದು ಟಿಪ್ಪಣಿ ಹಾಕಬೇಕು. ರುವಾಂಡದ ನರಮೇಧದ ವಿಚಾರಣೆಗೆ ವಿಶ್ವಸಂಸ್ಥೆ ರಚಿಸಿದ ನ್ಯಾಯಮಂಡಳಿ ಅಕಾಯೆಸು ಪ್ರಕರಣದಲ್ಲಿ ಕೊಟ್ಟ 1998ರ ತೀರ್ಪು ಇದೇ ವಿಷಯಕ್ಕೆ ಪ್ರತ್ಯೇಕ ಜಾಗ ಕೊಟ್ಟಿದೆ. ಅಲ್ಲಿನ ಹಳ್ಳಿಗರಿಗೆ ತಾರೀಖು, ಗಂಟೆ, ದೂರ, ನಕ್ಷೆ ಒಗ್ಗದಿದ್ದುದನ್ನು ಸುಳ್ಳಿನ ಲಕ್ಷಣವೆಂದು ಎಣಿಸಬಾರದೆಂದು ನ್ಯಾಯಾಧೀಶರು ಕಾರಣ ಕೊಟ್ಟು ಬರೆದರು.

ಫೋನಿನ ವಿಡಿಯೊ ವಿಚಾರದಲ್ಲಿ ನಮ್ಮಲ್ಲಿ ಆಗುವ ಅನಾಹುತ ಬೇರೆ. ಸಾಕ್ಷಿ ಅದನ್ನು ವಾಟ್ಸಾಪಿನಲ್ಲಿ ಕಳಿಸುತ್ತಾನೆ, ಸಿಬ್ಬಂದಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕುತ್ತಾರೆ. ವಾಟ್ಸಾಪ್ ಕಡತವನ್ನು ಕುಗ್ಗಿಸುತ್ತದೆ. ತೆಗೆದ ಸಮಯ, ಸ್ಥಳ, ಯಂತ್ರದ ವಿವರಗಳು ಹೊರಟುಹೋಗುತ್ತವೆ. ಮೂಲ ಫೋನಿನಿಂದಲೇ ಕಡತ ತೆಗೆದು, ತೆಗೆದ ಕ್ಷಣದಲ್ಲೇ ಹ್ಯಾಶ್ ಮೌಲ್ಯ (ಕಡತ ಚೂರು ಬದಲಾದರೂ ಬದಲಾಗುವ, ಅದರ ಡಿಜಿಟಲ್ ಬೆರಳಚ್ಚು) ಲೆಕ್ಕ ಹಾಕಿ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಅದನ್ನು ನಮೂದಿಸಬೇಕು. ಆ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯಕ್ಕೆ ಜಾಗ ಇರುವುದರಿಂದ ನಮ್ಮ ಕಾನೂನು ಇದಕ್ಕೆ ಸಿದ್ಧವಾಗಿಯೇ ಇದೆ. ಅಂತರಜಾಲದ ದೃಶ್ಯಗಳನ್ನು ತನಿಖೆಗೆ ಬಳಸುವ ಕ್ರಮವನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ ಸೇರಿ ಹೊರತಂದ 2020ರ ಕೈಪಿಡಿ, ಬರ್ಕ್‌ಲಿ ಪ್ರೋಟೊಕಾಲ್, ಹಂತಹಂತವಾಗಿ ಹೇಳುತ್ತದೆ. ಸಾಮಾಜಿಕ ಜಾಲತಾಣದ ವಿಡಿಯೊಗಳನ್ನು ಆಧರಿಸಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಲಿಬಿಯಾದ ಸೇನಾಧಿಕಾರಿ ಅಲ್ ವರ್ಫಲ್ಲಿಯ ಬಂಧನಕ್ಕೆ ವಾರಂಟ್ ಹೊರಡಿಸಿದ್ದು 2017ರಲ್ಲೇ.

ಇನ್ನು ಹೇಳಿಕೆಯ ರೂಪ. ನಮ್ಮ ನ್ಯಾಯಾಲಯಗಳಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಕಥನದಂತೆ ಬರೆಸುತ್ತೇವೆ. ಪ್ರಶ್ನೆ ಮಾಯವಾಗಿ ಉತ್ತರ ಉಳಿಯುತ್ತದೆ. ಹೊರದೇಶದ ನ್ಯಾಯಾಲಯಕ್ಕೆ ಪ್ರಶ್ನೆಯೂ ಬೇಕು, ಏಕೆಂದರೆ ಉತ್ತರ ಸಾಕ್ಷಿಯದೋ ಕೇಳಿದವರದೋ ಎಂದು ತೂಗಿ ನೋಡಲು ಅದೊಂದೇ ದಾರಿ. ಪ್ರಶ್ನೋತ್ತರ ರೂಪದಲ್ಲಿ, ಧ್ವನಿ ಮತ್ತು ದೃಶ್ಯ ಮುದ್ರಣದೊಂದಿಗೆ, ಒಂದೇ ಬಾರಿಗೆ ಸರಿಯಾಗಿ ದಾಖಲಿಸಬೇಕು. ಪೊಲೀಸರಿಗೊಂದು, ಪತ್ರಕರ್ತರಿಗೊಂದು, ಸ್ವಯಂಸೇವಾ ಸಂಸ್ಥೆಗೊಂದು ಎಂದು ನಾಲ್ಕು ಹೇಳಿಕೆ ಆದಮೇಲೆ ಪಾಟಿ ಸವಾಲಿನಲ್ಲಿ ಆ ನಾಲ್ಕರ ನಡುವಿನ ವ್ಯತ್ಯಾಸವೇ ಸಾಕ್ಷಿಯನ್ನು ಕೆಡವುತ್ತದೆ.

ಇಲ್ಲೊಂದು ಕಾನೂನಿನ ತೊಡಕನ್ನು ಮುಚ್ಚಿಡದೆ ಹೇಳಬೇಕು. ಖಾರ್ಕಿವ್‌ನ ಆ ಸಾವನ್ನು 1960ರ ಕಾಯ್ದೆಯಡಿ ಭಾರತದಲ್ಲೇ ವಿಚಾರಿಸಲಿ ಎಂದು ಕೇಳಿದವರಿದ್ದಾರೆ. ಕಾಯ್ದೆ ಈಗಿರುವ ರೂಪದಲ್ಲಿ ಅದು ಬಹಳ ಕಷ್ಟ. ನಾಲ್ಕನೇ ಜಿನೀವಾ ಒಪ್ಪಂದದ 4ನೇ ವಿಧಿಯ ಪ್ರಕಾರ 'ರಕ್ಷಿತ ವ್ಯಕ್ತಿ' ಎಂದರೆ ಶತ್ರು ಪಕ್ಷದ ಕೈಗೆ ಸಿಕ್ಕವರು. ಯುದ್ಧನಿರತ ದೇಶದಲ್ಲಿರುವ ತಟಸ್ಥ ದೇಶದ ಪ್ರಜೆಗಳನ್ನು, ಅವರ ದೇಶಕ್ಕೆ ಅಲ್ಲಿ ರಾಜತಾಂತ್ರಿಕ ಸಂಬಂಧ ಇರುವವರೆಗೆ, ಆ ವಿಧಿ ಹೊರಗಿಡುತ್ತದೆ. ವಿವೇಚನೆಯಿಲ್ಲದೆ ನಾಗರಿಕರ ಮೇಲೆ ನಡೆಸುವ ದಾಳಿ ಗಂಭೀರ ಉಲ್ಲಂಘನೆಯಾಗುವುದು ಜಿನೀವಾ ಒಪ್ಪಂದಗಳಿಗೆ ಸೇರಿಸಿದ 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲಿನ 85ನೇ ವಿಧಿಯಡಿ. ಭಾರತ ಅದಕ್ಕೆ ಸೇರಿಲ್ಲ, ನಮ್ಮ ಕಾಯ್ದೆಯಲ್ಲಿ ಅದಿಲ್ಲ. ಈ ವ್ಯತ್ಯಾಸ ತಿಳಿಯದ ಅಭಿಯೋಜಕರು ಜನರ ಒತ್ತಾಯಕ್ಕೆ ಮಣಿದು ದೂರು ಹಾಕಿದರೆ ಮೊದಲ ದಿನವೇ ಬೀಳುತ್ತದೆ, ಕುಟುಂಬದ ಪಾಲಿಗೆ ಮತ್ತೊಂದು ಆಘಾತವಾಗುತ್ತದೆ. ಯಾವ ಕಡತ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಅರ್ಧ ದಿನದಲ್ಲಿ ಹೇಳಬಲ್ಲ ಅಭಿಯೋಜಕರು ನಮಗೆ ಬೇಕು.

ಸಾಮಾನ್ಯ ಕೊಲೆ ಪ್ರಕರಣಕ್ಕೂ ಇದಕ್ಕೂ ಇರುವ ಅಂತರವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕೊಲೆಯಲ್ಲಿ ಕೊಂದವನು ಯಾರೆಂದು ಸಾಬೀತಾದರೆ ಬಹುಪಾಲು ಕೆಲಸ ಮುಗಿಯಿತು. ಯುದ್ಧಾಪರಾಧದಲ್ಲಿ ಕೃತ್ಯ ನಡೆದದ್ದು ಸಾಬೀತಾಗಬೇಕು. ಆ ಹೊತ್ತಿಗೆ ಸಶಸ್ತ್ರ ಸಂಘರ್ಷ ಇತ್ತು, ಕೃತ್ಯಕ್ಕೂ ಅದಕ್ಕೂ ನಂಟಿತ್ತು ಎಂಬುದು ಸಾಬೀತಾಗಬೇಕು. ಕಟಕಟೆಯಲ್ಲಿರುವ ವ್ಯಕ್ತಿಗೂ ಕೃತ್ಯಕ್ಕೂ ಇರುವ ಕೊಂಡಿ ಸಾಬೀತಾಗಬೇಕು. ಸಂಘರ್ಷ ಎಂದರೇನು ಎಂಬುದಕ್ಕೆ ವಿಶ್ವಸಂಸ್ಥೆಯ ಯುಗೊಸ್ಲಾವಿಯಾ ನ್ಯಾಯಮಂಡಳಿ 1995ರ ಅಕ್ಟೋಬರ್ 2ರಂದು ಟಾಡಿಚ್ ಪ್ರಕರಣದಲ್ಲಿ ಕೊಟ್ಟ ಮಾನದಂಡ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಕಡತಗಳು ಕುಸಿಯುವುದು ಹೆಚ್ಚಾಗಿ ಮೂರನೆಯ ಕಡೆ.

ಏಕೆಂದರೆ ಕಟಕಟೆಯಲ್ಲಿರುವವರು ಸ್ಥಳದಲ್ಲಿ ಇರಲಿಲ್ಲ ಎಂಬುದೇ ಸಾಮಾನ್ಯ. ಕಮಾಂಡರನ ಹೊಣೆಗಾರಿಕೆ ಹೊರಿಸಲು ಮೂರು ಅಂಶ ಬೇಕು: ಕೃತ್ಯ ಎಸಗಿದವರ ಮೇಲೆ ಅವನಿಗೆ ನಿಜವಾದ ಹಿಡಿತವಿತ್ತು, ಅವನಿಗೆ ಗೊತ್ತಿತ್ತು ಅಥವಾ ಗೊತ್ತಾಗಲು ಕಾರಣವಿತ್ತು, ಆದರೂ ತಡೆಯಲಿಲ್ಲ, ಶಿಕ್ಷಿಸಲಿಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದಕ್ಕೆ ಸಮನಾದ ಕಲಂ ಇಲ್ಲ. ನಮ್ಮ ಅಭಿಯೋಜಕರ ಕೈ ಅಭ್ಯಾಸಬಲದಿಂದ ಸಮಾನ ಉದ್ದೇಶ, ಅಕ್ರಮ ಕೂಟದ ಕಲಂಗಳ ಕಡೆಗೇ ಹೋಗುತ್ತದೆ. ಕೊಂಡಿಯ ಸಾಕ್ಷ್ಯ ಸಿಗುವುದು ರಕ್ತದ ಕಲೆಯಲ್ಲಿ ಅಲ್ಲ. ಕರ್ತವ್ಯದ ಹಾಜರಿಪಟ್ಟಿ, ಇಂಧನದ ಚೀಟಿ, ಸಂಬಳದ ಪಟ್ಟಿ, ವೈರ್‌ಲೆಸ್ ದಾಖಲೆ, ಶಿಸ್ತುಕ್ರಮದ ರಿಜಿಸ್ಟರುಗಳಲ್ಲಿ. ತನ್ನ ಸೈನಿಕನಿಗೆ ಕೋಳಿ ಕದ್ದದ್ದಕ್ಕೆ ಶಿಕ್ಷೆ ಕೊಟ್ಟ ಅಧಿಕಾರಿ ಕೊಲೆಗೆ ಏನೂ ಮಾಡಲಿಲ್ಲ ಎಂದು ಶಿಸ್ತುಕ್ರಮದ ಪುಸ್ತಕ ತೋರಿಸಿದರೆ, ಹಿಡಿತ ಇತ್ತು ಎಂಬುದೂ ಅದನ್ನು ಬಳಸಲಿಲ್ಲ ಎಂಬುದೂ ಒಂದೇ ಪುಟದಲ್ಲಿ ಸಿಕ್ಕಂತೆ. ಕಾಂಗೊದ ಸೇನಾ ನಾಯಕ ಜಾನ್ ಪಿಯರ್ ಬೆಂಬಾನಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ 2016ರಲ್ಲಿ 18 ವರ್ಷ ಶಿಕ್ಷೆಯಾಗಿ, 2018ರ ಜೂನ್ 8ರಂದು ಮೇಲ್ಮನವಿಯಲ್ಲಿ ಐವರಲ್ಲಿ ಮೂವರ ಬಹುಮತದಿಂದ ಖುಲಾಸೆಯಾಯಿತು. ದೂರದಲ್ಲಿದ್ದ ಕಮಾಂಡರ್ ಕೈಗೊಂಡ ಕ್ರಮಗಳನ್ನು ಸರಿಯಾಗಿ ತೂಗಲಿಲ್ಲ, ದೃಢಪಟ್ಟ ಆರೋಪಗಳ ವ್ಯಾಪ್ತಿಗೆ ಹೊರಗಿದ್ದ ಕೃತ್ಯಗಳಿಗೂ ಶಿಕ್ಷಿಸಲಾಯಿತು ಎಂಬುದು ಕಾರಣ. ಆ ತೀರ್ಪು ಸರಿಯೋ ಎಂಬ ಬಗ್ಗೆ ನಮ್ಮೊಳಗೇ ಒಮ್ಮತವಿಲ್ಲ. ಆರೋಪದ ಗಡಿ ಎಲ್ಲಿದೆ ಎಂದು ಮೊದಲ ದಿನವೇ ಬರೆದಿಡಬೇಕು ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ತರಬೇತಿಗೆ ಒಂದೇ ತೀರ್ಪು ಆರಿಸಿ ಎಂದರೆ ನಾವು ಯುಗೊಸ್ಲಾವಿಯಾ ನ್ಯಾಯಮಂಡಳಿಯ ಕುಪ್ರೆಷ್ಕಿಚ್ ಪ್ರಕರಣವನ್ನು ಆರಿಸುತ್ತೇವೆ. ಬೋಸ್ನಿಯಾದ ಅಹ್ಮಿಚಿ ಹಳ್ಳಿಯ ಮೇಲೆ 1993ರ ಏಪ್ರಿಲ್ 16ರ ನಸುಕಿನಲ್ಲಿ ದಾಳಿಯಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ದಾಳಿಕೋರರು ಮುಖಕ್ಕೆ ಬಣ್ಣ ಬಳಿದುಕೊಂಡಿದ್ದರು. ಆಗ 13 ವರ್ಷದವಳಾಗಿದ್ದ ಹುಡುಗಿ, ನ್ಯಾಯಾಲಯದ ದಾಖಲೆಯಲ್ಲಿ 'ಸಾಕ್ಷಿ ಎಚ್', ನೆರೆಮನೆಯ ಇಬ್ಬರನ್ನು ಗುರುತಿಸಿದೆ ಎಂದಳು. ಅವಳ ದೃಢವಾದ ಮಾತು ನ್ಯಾಯಾಧೀಶರಿಗೆ ಮನವರಿಕೆಯಾಯಿತು. 2000ದ ಜನವರಿಯಲ್ಲಿ ಶಿಕ್ಷೆಯಾಯಿತು. 2001ರ ಅಕ್ಟೋಬರ್ 23ರಂದು ಮೇಲ್ಮನವಿ ಪೀಠ ಅವರನ್ನೂ ಅದೇ ಕುಟುಂಬದ ಇನ್ನೊಬ್ಬನನ್ನೂ ಬಿಡುಗಡೆ ಮಾಡಿತು. ನಸುಕಿನ ಬೆಳಕು, ಬಣ್ಣ ಬಳಿದ ಮುಖ, ಭಯ, ಒಬ್ಬಳೇ ಸಾಕ್ಷಿ: ಇಷ್ಟಿರುವಾಗ ಹೇಳುವ ಧಾಟಿಯ ದೃಢತೆಯನ್ನು ನಂಬಬಾರದಿತ್ತು ಎಂಬುದು ಪೀಠದ ಮಾತು. ಅದಲ್ಲದೆ, ಆ ಮನೆಯ ಮೇಲಿನ ದಾಳಿ ದೋಷಾರೋಪ ಪಟ್ಟಿಯಲ್ಲಿ ಸ್ಪಷ್ಟವಾಗಿ ಇರಲೇ ಇಲ್ಲ. ವಿಚಾರಣಾ ಪೀಠದ ಅಧ್ಯಕ್ಷರಾಗಿದ್ದವರು ಆಂಟೋನಿಯೊ ಕಸೇಸೆ. ಈ ಕಾನೂನಿನಲ್ಲಿ ಅವರಿಗಿಂತ ದೊಡ್ಡ ಪಂಡಿತರನ್ನು ಹುಡುಕುವುದು ಕಷ್ಟ. ಪಾಂಡಿತ್ಯ ಸಾಲದು ಎನ್ನಲು ಬೇರೆ ಉದಾಹರಣೆ ಬೇಕೇ? ಗುರುತು ಪತ್ತೆಯ ಸಾಕ್ಷ್ಯವನ್ನು ಬೆಳಕು, ದೂರ, ಅವಧಿ, ಮೊದಲಿನ ಪರಿಚಯ ಎಂದು ಬಿಡಿಬಿಡಿಯಾಗಿ ತೂಗುವ ಅಭ್ಯಾಸ ಕೈಗೆ ಬರಬೇಕು.

ಕೇಳುವ ಅಭ್ಯಾಸವೂ. ಅಕಾಯೆಸು ಪ್ರಕರಣದ ಮೊದಲ ದೋಷಾರೋಪ ಪಟ್ಟಿಯಲ್ಲಿ ಲೈಂಗಿಕ ಹಿಂಸೆಯ ಆರೋಪವೇ ಇರಲಿಲ್ಲ. ಬೇರೆ ವಿಷಯಕ್ಕೆ ಬಂದ ಹೆಂಗಸೊಬ್ಬಳು ತನ್ನ ಆರು ವರ್ಷದ ಮಗಳ ಮೇಲೆ ಆದ ಅತ್ಯಾಚಾರವನ್ನು ಸಾಕ್ಷಿಕಟ್ಟೆಯಲ್ಲಿ ತಾನಾಗಿ ಹೇಳಿದಳು. ನವನೀತಮ್ ಪಿಳ್ಳೈ ಅವರಿದ್ದ ಪೀಠ ಅದನ್ನು ದಾಟಿ ಹೋಗದೆ ಮುಂದಿನ ಪ್ರಶ್ನೆ ಕೇಳಿತು. 1997ರ ಜೂನ್‌ನಲ್ಲಿ ಪಟ್ಟಿ ತಿದ್ದುಪಡಿಯಾಯಿತು. 1998ರ ಸೆಪ್ಟೆಂಬರ್ 2ರ ತೀರ್ಪು ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದು ಎಂದಿತು. ತನಿಖೆಯಲ್ಲಿ ಯಾರೂ ಕೇಳದಿದ್ದರಿಂದ ಯಾರೂ ಹೇಳಿರಲಿಲ್ಲ.

ಅಭಿಯೋಜಕರಿಗೆ ಇನ್ನೊಂದು ಪಾಠ, ಮಕ್ಕಳನ್ನು ಸೈನಿಕರನ್ನಾಗಿ ಮಾಡಿದ ಆರೋಪ ಹೊತ್ತ ಕಾಂಗೊದ ಬಂಡುಕೋರ ನಾಯಕ ಲುಬಾಂಗಾನ ಪ್ರಕರಣದಲ್ಲಿದೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮೊತ್ತಮೊದಲ ವಿಚಾರಣೆ 2008ರ ಜೂನ್‌ನಲ್ಲಿ ಶುರುವಾಗುವ ಮೊದಲೇ ನಿಂತಿತು. ಗೋಪ್ಯತೆಯ ಷರತ್ತಿನ ಮೇಲೆ ಮುಖ್ಯವಾಗಿ ವಿಶ್ವಸಂಸ್ಥೆಯಿಂದ ಪಡೆದ 200ಕ್ಕೂ ಹೆಚ್ಚು ದಾಖಲೆಗಳನ್ನು ಅಭಿಯೋಜಕರು ಆರೋಪಿಗೂ ನ್ಯಾಯಾಧೀಶರಿಗೂ ತೋರಿಸಲಾಗಲಿಲ್ಲ. ಅದರಲ್ಲಿ ಆರೋಪಿಗೆ ಅನುಕೂಲವಾದವೂ ಇದ್ದವು. ಮುಂದೆ, ಮಧ್ಯವರ್ತಿಗಳ ಮೂಲಕ ಹುಡುಕಿದ ಬಾಲಸೈನಿಕ ಸಾಕ್ಷಿಗಳ ಮಾತನ್ನು ನ್ಯಾಯಾಲಯ ನಂಬಲಿಲ್ಲ. ಅವನನ್ನು ತಪ್ಪಿತಸ್ಥನೆಂದ 2012ರ ಮಾರ್ಚ್ 14ರ ತೀರ್ಪಿಗೆ ವಿಡಿಯೊ ದೃಶ್ಯಗಳು ಬಹಳಷ್ಟು ನೆರವಾದವು. ನಮ್ಮಲ್ಲೂ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ, ಪ್ರಾಸಿಕ್ಯೂಷನ್ ಅವಲಂಬಿಸದ ದಾಖಲೆಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕೆಂದಿದೆ. ಅದು ಎಷ್ಟು ಕಡತಗಳಲ್ಲಿ ಪಾಲನೆಯಾಗುತ್ತಿದೆ ಎಂಬುದನ್ನು ತಾವೇ ಬಲ್ಲಿರಿ.

ಈಗ ತರಬೇತಿಯ ವಿಷಯ. ಬೋಸ್ನಿಯಾದ ರಾಜ್ಯ ನ್ಯಾಯಾಲಯದಲ್ಲಿ 2005ರ ಮಾರ್ಚ್ 9ರಂದು ಯುದ್ಧಾಪರಾಧ ವಿಭಾಗ ತೆರೆದಾಗ ವಿದೇಶಿ ನ್ಯಾಯಾಧೀಶರೂ ಸ್ಥಳೀಯರೂ ಒಂದೇ ಪೀಠದಲ್ಲಿ ಕೂತರು. ಮೊದಲು ವಿದೇಶಿಯರು ಹೆಚ್ಚು, ಆಮೇಲೆ ಸ್ಥಳೀಯರು ಹೆಚ್ಚು, 2012ರ ಕೊನೆಗೆ ವಿದೇಶಿಯರು ಪೂರಾ ಹೊರಟರು. ಪಕ್ಕದಲ್ಲಿ ಕೂತು ತೀರ್ಪು ಬರೆಯುತ್ತ ಕಲಿತದ್ದು ಯಾವ ಉಪನ್ಯಾಸದಲ್ಲೂ ಸಿಗುವಂಥದಲ್ಲ. ಆರೋಪಿ ಪರ ವಕೀಲರ ತರಬೇತಿಗೆ ಅಲ್ಲೊಂದು ಪ್ರತ್ಯೇಕ ವಿಭಾಗವನ್ನೇ ಮಾಡಿದರು. ಇದು ನಮಗೆ ಮುಖ್ಯ. ಅಭಿಯೋಜಕರೊಡನೆ ಮಾತ್ರ ನ್ಯಾಯಾಧೀಶರನ್ನು ಕೂರಿಸಿ ಪಾಠ ಹೇಳಿದರೆ ನಿಷ್ಪಕ್ಷಪಾತದ ಮೇಲೆ ಅಲ್ಲೇ ಗೀರು ಬೀಳುತ್ತದೆ. ನ್ಯಾಯಾಧೀಶರ ನಡವಳಿಕೆಯ ಜಾಗತಿಕ ತತ್ವಗಳಿಗೆ ಬೆಂಗಳೂರಿನ ಹೆಸರೇ ಇದೆ. 2001ರಲ್ಲಿ ಕರಡು ಸಿದ್ಧವಾದದ್ದು ಇಲ್ಲೇ. ಬೇರೆಯವರಿಗೆ ಪಾಠ ಹೇಳಿದ ಊರು ಇದನ್ನು ಮರೆಯಬಾರದು.

ಬೋಸ್ನಿಯಾ ಎಡವಿದ್ದೂ ಇದೆ. 1992–95ರ ಕೃತ್ಯಗಳಿಗೆ 2003ರ ದಂಡಸಂಹಿತೆಯನ್ನು ಹಾಕಿ ಶಿಕ್ಷೆ ವಿಧಿಸಿದರು. ಹಳೆಯ 1976ರ ಸಂಹಿತೆಯಲ್ಲಿ ಕೆಲವರಿಗೆ ಕಡಿಮೆ ಶಿಕ್ಷೆ ಸಾಧ್ಯವಿತ್ತು. 2013ರ ಜುಲೈ 18ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಮಕ್ತೂಫ್ ಮತ್ತು ದಮ್ಯಾನೊವಿಚ್ ಪ್ರಕರಣದಲ್ಲಿ ಇದು ತಪ್ಪೆಂದಿತು. ಅದರ ಬೆನ್ನಲ್ಲೇ ಬೇರೆ ಹಲವು ತೀರ್ಪುಗಳು ರದ್ದಾಗಿ, ಶಿಕ್ಷೆಗೊಳಗಾಗಿದ್ದವರು ಮರುವಿಚಾರಣೆಯವರೆಗೆ ಹೊರಬಂದರು. ನಮ್ಮ ಸಂವಿಧಾನದ 20(1)ನೇ ವಿಧಿ ಹೇಳುವುದೂ ಇದನ್ನೇ. ಕೃತ್ಯದ ದಿನ ಯಾವ ಕಾನೂನು ಜಾರಿಯಲ್ಲಿತ್ತು ಎಂಬ ಒಂದು ಪುಟದ ಟಿಪ್ಪಣಿ ಇಂಥ ಪ್ರತಿ ಕಡತದ ಮೊದಲ ಹಾಳೆಯಾಗಬೇಕು.

ಉಕ್ರೇನಿಗೆ ಇಷ್ಟು ಪುರುಸೊತ್ತೂ ಸಿಗಲಿಲ್ಲ. 2022ರ ಫೆಬ್ರುವರಿ 28ರಂದು ನಿಶ್ಶಸ್ತ್ರ ವೃದ್ಧರೊಬ್ಬರನ್ನು ಗುಂಡಿಕ್ಕಿ ಕೊಂದ ರಷ್ಯಾದ 21 ವರ್ಷದ ಸೈನಿಕ ವದೀಮ್ ಶಿಶಿಮಾರಿನ್‌ಗೆ ಕೀವ್‌ನ ಜಿಲ್ಲಾ ನ್ಯಾಯಾಲಯವೊಂದು ಮೇ 23ರಂದೇ ಜೀವಾವಧಿ ವಿಧಿಸಿತು. ಜುಲೈ 29ರಂದು ಮೇಲ್ಮನವಿಯಲ್ಲಿ ಅದು 15 ವರ್ಷಕ್ಕಿಳಿಯಿತು. ಅಲ್ಲಿನ ದಂಡಸಂಹಿತೆಯ 438ನೇ ಕಲಂ ಯುದ್ಧದ ಕಾನೂನು ಮತ್ತು ರೂಢಿಗಳ ಉಲ್ಲಂಘನೆಯನ್ನು ಒಟ್ಟಾಗಿ ಹೇಳಿ ಬಿಡುತ್ತದೆ. ಯಾವ ಒಪ್ಪಂದದ ಯಾವ ವಿಧಿ ಮುರಿಯಿತೆಂದು ನ್ಯಾಯಾಧೀಶರೇ ಹುಡುಕಬೇಕು. ನಮ್ಮ 1960ರ ಕಾಯ್ದೆಯ ಸ್ಥಿತಿಯೂ ಇದಕ್ಕೆ ದೂರವಲ್ಲ: ಅಪರಾಧದ ವಿವರ ಕಲಂನಲ್ಲಿ ಇಲ್ಲ, ಅನುಸೂಚಿಯ ಒಪ್ಪಂದಗಳಲ್ಲಿದೆ. ಹೇಗ್‌ನಲ್ಲಿ ನ್ಯಾಯಾಧೀಶರಾಗಿದ್ದ ಹೊವಾರ್ಡ್ ಮಾರಿಸನ್ ಅವರಂಥವರು ಅಲ್ಲಿನ ನ್ಯಾಯಾಧೀಶರಿಗೆ ತರಬೇತಿ ಕೊಟ್ಟರು; ಒಂದು ಕಡೆ ವಿಚಾರಣೆ, ಇನ್ನೊಂದು ಕಡೆ ಪಾಠ, ತಲೆಯ ಮೇಲೆ ಸೈರನ್. ನಮಗೆ ಶಾಂತಿಯ ಸಮಯವಿದೆ.

ಆದ್ದರಿಂದ ನಮ್ಮ ಕೋರಿಕೆಗಳು. ಕರ್ನಾಟಕ ನ್ಯಾಯಾಂಗ ಅಕಾಡೆಮಿಯಲ್ಲಿ ವರ್ಷಕ್ಕೊಮ್ಮೆ ಐದು ದಿನಗಳ ಒಂದು ಶಿಬಿರ ನಡೆಯಲಿ. 24 ಜನ ಸಾಕು: 10 ನ್ಯಾಯಾಧೀಶರು, 8 ಅಭಿಯೋಜಕರು, 6 ಆರೋಪಿ ಪರ ವಕೀಲರು. ಉಪನ್ಯಾಸ ಮೊದಲ ದಿನದ ಬೆಳಿಗ್ಗೆಗೇ ಮುಗಿಯಲಿ. ಉಳಿದ ಹೊತ್ತೆಲ್ಲ ಒಂದೇ ಕಾಲ್ಪನಿಕ ಕಡತ, ಸುಮಾರು 150 ಪುಟ, ಕನ್ನಡ ಮತ್ತು ಇಂಗ್ಲಿಷಿನಲ್ಲಿ: ಒಂದಕ್ಕೊಂದು ಹೊಂದದ ಎರಡು ಸಾಕ್ಷಿ ಹೇಳಿಕೆ, ಹ್ಯಾಶ್ ಇಲ್ಲದ ಒಂದು ವಿಡಿಯೊ, ಅರ್ಧ ಹರಿದ ಹಾಜರಿಪಟ್ಟಿ, ಆರೋಪಿಗೆ ಅನುಕೂಲವಾದ ಒಂದು ದಾಖಲೆ ನಡುವೆ ಎಲ್ಲೋ ಹುದುಗಿರಲಿ. ಅಭಿಯೋಜಕರು ಕಲಂ 3ರ ಅಡಿ ಆರೋಪದ ಕರಡು ಬರೆಯಲಿ; ವಕೀಲರು ಅದನ್ನು ಕೆಡವಲಿ; ನ್ಯಾಯಾಧೀಶರು ಒಂದೇ ಆರೋಪದ ಮೇಲೆ ಐದು ಪುಟ ಮೀರದ ಸಕಾರಣ ತೀರ್ಪು ಬರೆಯಲಿ. ಆ ತೀರ್ಪನ್ನು ಅನುಭವಿಗಳು ಓದಿ ಗುರುತು ಹಾಕಿ ಹಿಂತಿರುಗಿಸಲಿ, ಆರು ತಿಂಗಳ ಬಳಿಕ ಅದೇ ಗುಂಪು ಬೇರೆ ಕಡತದೊಂದಿಗೆ ಎರಡು ದಿನ ಮತ್ತೆ ಸೇರಲಿ. 'ತರಬೇತಿ ತೃಪ್ತಿಕರವಾಗಿತ್ತೇ' ಎಂಬ ಫಾರಂ ತುಂಬಿಸಿಕೊಳ್ಳುವುದನ್ನು ದಯವಿಟ್ಟು ಅಳತೆಗೋಲು ಮಾಡಬೇಡಿ.

ಅರ್ಧ ದಿನ ದುಭಾಷಿಯ ಜೊತೆ ಕೆಲಸ ಮಾಡುವುದಕ್ಕೇ ಮೀಸಲಿರಲಿ. ಏಕಕಾಲದ ಅನುವಾದದಲ್ಲಿ ಒಬ್ಬರು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಮಾಡಿದರೆ ತಪ್ಪು ಹೆಚ್ಚುತ್ತದೆ. ಇಬ್ಬರು ಬೇಕು, ಆಸನವೂ ಬೇಕು, ನೀರೂ ಬೇಕು. ಕೊಬ್ಲೆನ್ಜ್ ವಿಚಾರಣೆಯಲ್ಲಿ ಅರಬ್ಬಿ ಪತ್ರಕರ್ತರಿಗೆ ಅನುವಾದ ಕೇಳಿಸಲಿಲ್ಲ ಎಂಬ ದೂರು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋಯಿತು. ಸಾಕ್ಷಿ ರಕ್ಷಣೆಗೆ ನಮ್ಮಲ್ಲಿ 2018ರ ಯೋಜನೆ ಇದೆ. ಪರದೇಶದಲ್ಲಿರುವ ಸಾಕ್ಷಿಯ ಕುಟುಂಬಕ್ಕೆ ಬೆದರಿಕೆ ಬಂದರೆ ಅದು ಹೇಗೆ ಅನ್ವಯಿಸಬೇಕೆಂದು ಶಿಬಿರದಲ್ಲೇ ಕರಡು ಆದೇಶ ಬರೆದು ನೋಡಬಹುದು.

ಕೇಂದ್ರ ಕಾನೂನು ಸಚಿವರಲ್ಲಿ ಬೇರೆಯೇ ಕೋರಿಕೆ. 1960ರ ಕಾಯ್ದೆಯ ಕಲಂ 17ರ ಪ್ರಕಾರ ಸರ್ಕಾರ, ಇಲ್ಲವೇ ಕೇಂದ್ರ ಅಧಿಸೂಚಿಸಿದ ಅಧಿಕಾರಿ ದೂರು ಕೊಡದೆ ಯಾವ ನ್ಯಾಯಾಲಯವೂ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಈ ಕಾಯ್ದೆ ಖಾಸಗಿ ವ್ಯಕ್ತಿಗೆ ನೇರ ಪರಿಹಾರ ಕೊಡುವುದಿಲ್ಲ ಎಂದು ಗೋವಾದ ಮೊಂಟೆರೊ ಪ್ರಕರಣದಲ್ಲಿ 1969ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಇಂಥ ದೂರು ಯಾರ ಬಳಿ ಕೊಡಬೇಕು, ಅವರು ಎಷ್ಟು ದಿನಗಳಲ್ಲಿ ನಿರ್ಧರಿಸಬೇಕು, ನಿರಾಕರಿಸಿದರೆ ಕಾರಣ ಬರೆಯಬೇಕೇ ಎಂಬುದನ್ನು ಸಾರ್ವಜನಿಕರಿಗೆ ತಿಳಿಯುವಂತೆ ಪ್ರಕಟಿಸಿ. ಪ್ರತಿ ರಾಜ್ಯದಲ್ಲೂ ಒಂದು ಸೆಷನ್ಸ್ ನ್ಯಾಯಾಲಯವನ್ನೂ ಇಬ್ಬರು ಅಭಿಯೋಜಕರನ್ನೂ ಹೆಸರಿಸುವಂತೆ ರಾಜ್ಯಗಳಿಗೆ ಬರೆಯಿರಿ. ಕಾಯ್ದೆಯು ಅಂತರರಾಷ್ಟ್ರೀಯ ಸಂಘರ್ಷದ ಗಂಭೀರ ಉಲ್ಲಂಘನೆಗಳನ್ನು ಮಾತ್ರ ಅಪರಾಧ ಮಾಡಿದೆ ಎಂಬುದೂ, ನರಮೇಧ ಹಾಗೂ ಮಾನವತೆಯ ವಿರುದ್ಧದ ಅಪರಾಧಗಳು ಹೊಸ ನ್ಯಾಯ ಸಂಹಿತೆಯಲ್ಲೂ ಇಲ್ಲ ಎಂಬುದೂ ತಮಗೆ ತಿಳಿದದ್ದೇ. ಈ ಕೊರತೆಯನ್ನು ಬೇಗ ತುಂಬಬೇಕೆಂದು ದೆಹಲಿ ಹೈಕೋರ್ಟ್ 2018ರ ಡಿಸೆಂಬರ್ 17ರಂದು, 1984ರ ಸಿಖ್ ವಿರೋಧಿ ಹಿಂಸೆಗೆ ಸಂಬಂಧಿಸಿದ ಸಜ್ಜನ್ ಕುಮಾರ್ ತೀರ್ಪಿನಲ್ಲಿ ಬರೆದಿದೆ. ಅದು ಸಂಸತ್ತಿನ ಕೆಲಸ, ತಡವಾಗಬಹುದು. ತರಬೇತಿಗೆ ತಿದ್ದುಪಡಿ ಬೇಕಿಲ್ಲ.

ಐದು ಕೋಟಿ ಪ್ರಕರಣ ಬಾಕಿಯಿರುವ ದೇಶದಲ್ಲಿ ಇದೆಂಥ ಚಿಂತೆ ಎಂಬ ಆಕ್ಷೇಪ ಬಂದೇ ಬರುತ್ತದೆ. ನಾವು ಕೇಳುತ್ತಿರುವುದು ವರ್ಷಕ್ಕೆ 24 ಜನರ ಒಂದು ವಾರ. ಗುಂಪು ಹಿಂಸೆಯ ಪ್ರಕರಣಗಳಲ್ಲಿ ಗುರುತು ಪತ್ತೆ, ವಿಡಿಯೊ ಸಾಕ್ಷ್ಯ, ಮೇಲಿನವರ ಹೊಣೆ, ಬೆದರಿದ ಸಾಕ್ಷಿ ಎಂಬ ಇದೇ ನಾಲ್ಕು ಕಡೆ ನಮ್ಮ ಕಡತಗಳು ಸೋಲುತ್ತಿವೆ. ಕಲಿತದ್ದು ಮರುವಾರವೇ ಬಳಕೆಗೆ ಬರುತ್ತದೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನಕ್ಕೆ ಭಾರತ ಸಹಿ ಹಾಕಿಲ್ಲವಲ್ಲ ಎನ್ನುವವರಿಗೆ: ನಿಜ, 1998ರಲ್ಲಿ ನಾವು ಮತದಾನದಿಂದ ದೂರ ಉಳಿದೆವು. ನಾವು ಇಲ್ಲಿ ಹೇಳುತ್ತಿರುವ ಹೊಣೆ 1950ರಲ್ಲಿ ಭಾರತ ಅನುಮೋದಿಸಿದ ಜಿನೀವಾ ಒಪ್ಪಂದಗಳದ್ದು, ನಮ್ಮದೇ ಸಂಸತ್ತು ಮಾಡಿದ ಕಾಯ್ದೆಯದ್ದು.

ಶಿಬಿರಕ್ಕೆ ಬೇಕಾದ ಕಾಲ್ಪನಿಕ ಕಡತದ ಮೊದಲ ಕರಡನ್ನು ಯಾವ ಸಂಭಾವನೆಯೂ ಇಲ್ಲದೆ ಬರೆದುಕೊಡಲು ನಾವು ಸಿದ್ಧರಿದ್ದೇವೆ. ಕಲಂ 113ರ ಅಡಿ ವಿದೇಶಿ ಕೋರಿಕೆ ಪತ್ರ ಬಂದಾಗ ಮ್ಯಾಜಿಸ್ಟ್ರೇಟರು ಅನುಸರಿಸಬಹುದಾದ ಎರಡು ಪುಟಗಳ ಪ್ರಶ್ನಾವಳಿಯನ್ನೂ ಜೊತೆಗೆ ಕಳಿಸುತ್ತೇವೆ. ಅದನ್ನು ಸುತ್ತೋಲೆಯಾಗಿ ಜಿಲ್ಲೆಗಳಿಗೆ ಕಳಿಸಬಹುದೇ ಎಂದು ಹೈಕೋರ್ಟ್ ಪರಿಶೀಲಿಸಬೇಕು. ಯಾರ ಕಚೇರಿಗೆ, ಯಾವ ದಿನದೊಳಗೆ ಸಲ್ಲಿಸಬೇಕೆಂದು ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿಗಳು,
ಕರ್ನಾಟಕದ ಕೆಲವು ಕ್ರಿಮಿನಲ್ ವಕೀಲರು, ನಿವೃತ್ತ ನ್ಯಾಯಾಂಗ ಅಧಿಕಾರಿಗಳು ಮತ್ತು ಅಂತರರಾಷ್ಟ್ರೀಯ ಕಾನೂನಿನ ಅಧ್ಯಾಪಕರು